ಗಂಡನ ಹುಟ್ಟುಹಬ್ಬಕ್ಕೆ ಬೆಟ್ಟದ ಹೊಳೆಯಲ್ಲಿ ಗಾಳ: ಮೊದಲು ನೀರು ವಿಚಾರಿಸಿ, ಆಮೇಲೆ ರೂಮು

ಪ್ರಶ್ನೆ: ನಮ್ಮ ಮನೆಯವರಿಗೆ ಗಾಳ ಹಾಕುವುದೆಂದರೆ ಪ್ರಾಣ. ಈ ಸಲ ಅವರ ಹುಟ್ಟುಹಬ್ಬಕ್ಕೆ ಬೆಟ್ಟದ ಕಡೆ ಎರಡು ರಾತ್ರಿ ಕರೆದುಕೊಂಡು ಹೋಗಬೇಕು ಅಂತಿದ್ದೇನೆ, ಅದೂ ಕೊನೆಯವರೆಗೂ ಗೊತ್ತಾಗದ ಹಾಗೆ. ಗಾಳದ ಒಂದು ಹೊಸ ರಾಡ್ ಕೂಡ ಕೊಡೋಣ ಅಂತ ಆಸೆ. ನನಗೆ ಮೀನು ಹಿಡಿಯುವುದರ ಗಂಧಗಾಳಿ ಇಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ನೀರಿನಿಂದ ಶುರು ಮಾಡಿ. ಬಹಳ ಜನ ಮೊದಲು ಚೆಂದದ ರೂಮು ಬುಕ್ ಮಾಡಿ, ಆಮೇಲೆ ಹತ್ತಿರ ಹೊಳೆ ಇದೆಯಾ ಅಂತ ಹುಡುಕುತ್ತಾರೆ. ಹೊಳೆ ಇರುತ್ತದೆ, ಆದರೆ ಆ ತಿಂಗಳು ಮೀನು ಹಿಡಿಯುವ ಹಾಗಿರುವುದಿಲ್ಲ. ಬೆಟ್ಟದ ತಣ್ಣನೆ ನೀರಿನಲ್ಲಿ ಸಾಮಾನ್ಯವಾಗಿ ಸಿಗುವುದು ಟ್ರೌಟ್ ಅನ್ನುವ ಮೀನು. ಅದು ಮೊಟ್ಟೆ ಇಡುವ ಕಾಲದಲ್ಲಿ ಎಷ್ಟೋ ಕಡೆ ಗಾಳ ಹಾಕುವುದಕ್ಕೇ ನಿಷೇಧ ಇರುತ್ತದೆ. ಬ್ರೌನ್ ಟ್ರೌಟ್ ಚಳಿಗಾಲದ ಮುಂಚೆ ಮೊಟ್ಟೆ ಇಡುತ್ತದೆ, ರೇನ್‌ಬೋ ಟ್ರೌಟ್ ಹೆಚ್ಚಾಗಿ ಚಳಿ ಕಳೆದ ಮೇಲೆ. ಹಾಗಾಗಿ ನೀವು ನೋಡಿರುವ ಜಾಗದಲ್ಲಿ ಆ ದಿನಗಳಲ್ಲಿ ಅವಕಾಶ ಇದೆಯಾ, ಪರ್ಮಿಟ್ ಯಾರು ಕೊಡುತ್ತಾರೆ, ಹಿಡಿದದ್ದನ್ನು ಇಟ್ಟುಕೊಳ್ಳಬಹುದಾ ಅಥವಾ ವಾಪಸ್ ಬಿಡಲೇಬೇಕಾ, ಇಷ್ಟನ್ನು ಮೊದಲು ವಿಚಾರಿಸಿ. ಹುಟ್ಟುಹಬ್ಬದ ದಿನವೇ ಹೋಗಬೇಕು ಅಂತ ಹಟ ಬೇಡ. ಎರಡು ವಾರ ಆಚೀಚೆ ಆದರೂ ಪರವಾಗಿಲ್ಲ, ನೀರು ಚೆನ್ನಾಗಿರಲಿ.

ಹಿಮ ಕರಗುವ ಕಾಲದಲ್ಲಿ ಹೊಳೆ ತುಂಬಿ ಕೆಸರಾಗಿ ಹರಿಯುತ್ತದೆ, ಬಿಸಿಲೇರಿದ ಹಾಗೆ ಇನ್ನೂ ಏರುತ್ತದೆ. ಕಡು ಬೇಸಿಗೆಯಲ್ಲಿ ತೊಂದರೆಯೇ ಬೇರೆ. ನೀರು 20 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ಅದರಲ್ಲಿ ಆಮ್ಲಜನಕ ಕಡಿಮೆಯಾಗಿ ಟ್ರೌಟ್ ಸುಸ್ತಾಗುತ್ತದೆ, ಹಿಡಿದು ಬಿಟ್ಟರೂ ಬದುಕುವುದು ಕಷ್ಟ. ಅಂಥ ದಿನ ಬೆಳಗ್ಗೆ ಮಾತ್ರ ಗಾಳ ಹಾಕಿ, ಆಮೇಲೆ ಮೀನನ್ನು ಅದರ ಪಾಡಿಗೆ ಬಿಡಬೇಕು.

ಇದರಿಂದ ನಿಮ್ಮ ದಿನದ ಲೆಕ್ಕವೂ ಬದಲಾಗುತ್ತದೆ. ಮೀನು ಚುರುಕಾಗಿ ತಿನ್ನುವುದು ಹೆಚ್ಚಾಗಿ ಬೆಳಗಿನ ಜಾವ ಮತ್ತು ಸಂಜೆ ಬೆಳಕು ಇಳಿಯುವಾಗ. ಸೂರ್ಯ ಮುಳುಗುವ ಹೊತ್ತಿಗೆ ಸರಿಯಾಗಿ ಕ್ಯಾಂಡಲ್ ಹಚ್ಚಿ ಊಟಕ್ಕೆ ಕೂರಿಸಿದರೆ, ಪಾಪ, ಅವರು ಬಾಯಲ್ಲಿ ಏನೂ ಹೇಳದೆ ಹೊಳೆ ಕಡೆಯೇ ನೋಡುತ್ತಾ ಇರುತ್ತಾರೆ. ಕೇಕು, ಊಟ, ಫೋಟೋ ಎಲ್ಲ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಬೆಳಗ್ಗೆಗೆ ಬೇರೆ ಯಾವ ಕಾರ್ಯಕ್ರಮವೂ ಬೇಡ. ನೀವು ಕೊಡುವ ನಿಜವಾದ ಉಡುಗೊರೆ ಆ ಖಾಲಿ ಬೆಳಗ್ಗೆಯೇ, ದಯವಿಟ್ಟು ಅದನ್ನು ತುಂಬಿಸಬೇಡಿ.

ಪೂರ್ತಿ ಗುಟ್ಟು ಇಡುವುದು ನನಗೆ ಅಷ್ಟು ಸರಿ ಅನಿಸುವುದಿಲ್ಲ. ಗಾಳ ಹಾಕುವವರಿಗೆ ತಮ್ಮ ಪೆಟ್ಟಿಗೆಯನ್ನು ತಾವೇ ಜೋಡಿಸಿಕೊಳ್ಳಬೇಕು, ದಾರ ಹೊಸದು ಸುತ್ತಬೇಕು, ಯಾವ ಕೊಕ್ಕೆ, ಯಾವ ಫ್ಲೈ (ಕೊಕ್ಕೆಗೆ ಕಟ್ಟುವ ನಕಲಿ ಹುಳ) ಅಂತ ನಾಲ್ಕು ದಿನ ಯೋಚಿಸಬೇಕು. ಅದರಲ್ಲೇ ಅರ್ಧ ಖುಷಿ ಇರುವುದು. ಹೋಗುವ ದಿನ, ಎಂಥ ನೀರು, ಎಷ್ಟು ಚಳಿ ಅಂತ ವಾರದ ಮುಂಚೆ ಹೇಳಿ, ಜಾಗ ಮಾತ್ರ ಹೇಳಬೇಡಿ.

ರಾಡ್ ಸುಮ್ನೆ ತಗೋಬೇಡಿ. ಉದ್ದ, ಬಾಗುವ ರೀತಿ, ದಾರ ಸುತ್ತುವ ರೀಲ್ ತಿರುಗಿಸುವ ಕೈ, ಎಲ್ಲದರಲ್ಲೂ ಒಬ್ಬೊಬ್ಬರಿಗೆ ಒಂದೊಂದು ಅಭ್ಯಾಸ. ಅದರ ಬದಲು ಒಳ್ಳೆಯ ಪೋಲರೈಸ್ಡ್ ಕನ್ನಡಕ ಕೊಡಿ. ಅದು ನೀರಿನ ಮೇಲಿನ ಹೊಳಪನ್ನು ತಡೆಯುತ್ತದೆ. ಬರೀ ಕಣ್ಣಿಗೆ ಬೆಳ್ಳಗೆ ಮಿನುಗುತ್ತಿದ್ದ ಜಾಗದಲ್ಲಿ ತಳದ ಕಲ್ಲು ಕಾಣುತ್ತದೆ, ಕಲ್ಲಿನ ಮೇಲೆ ಅಲುಗಾಡುವ ನೆರಳು ಕಾಣುತ್ತದೆ, ಆಮೇಲೆ ಆ ನೆರಳಿನ ಮೇಲೆ ಸೆಳವಿಗೆ ಮುಖ ಮಾಡಿ ನಿಂತ ಮೀನು. ಬಜೆಟ್ ಇದ್ದರೆ ಅರ್ಧ ದಿನಕ್ಕೆ ಆ ಹೊಳೆ ಬಲ್ಲ ಗೈಡ್ ಒಬ್ಬರನ್ನು ಗೊತ್ತು ಮಾಡಿ, ಮೊದಲ ದಿನವೇ. ಎಲ್ಲಿ ಮಡು, ಎಲ್ಲಿ ಇಳಿಯಬಾರದು ಅಂತ ತಿಳಿದರೆ ಮಿಕ್ಕ ದಿನ ನಿಮ್ಮ ಮನೆಯವರೇ ನೋಡಿಕೊಳ್ಳುತ್ತಾರೆ.

ನೀವೂ ಜೊತೆಗೆ ದಡಕ್ಕೆ ಹೋಗುತ್ತೀರಿ ಅಲ್ವಾ? ನಿಮಗೂ ಒಂದು ಕನ್ನಡಕ, ಒಂದು ಟೋಪಿ ಬೇಕು, ಯಾಕೆಂದರೆ ಬೀಸುವಾಗ ಕೊಕ್ಕೆ ಹಿಂದಕ್ಕೂ ಹಾರುತ್ತದೆ. ಅವರ ಬೆನ್ನ ಹಿಂದೆ ನಿಲ್ಲಬೇಡಿ. ಮೀನನ್ನು ವಾಪಸ್ ಬಿಡುವುದಾದರೆ ತುದಿಯಲ್ಲಿ ಹಿಮ್ಮುಖ ಮುಳ್ಳಿಲ್ಲದ ಕೊಕ್ಕೆ ಒಳ್ಳೆಯದು. ಹಿಡಿಯುವ ಮುಂಚೆ ಕೈ ಒದ್ದೆ ಮಾಡಿಕೊಳ್ಳಿ, ಒಣ ಕೈ ಅದರ ಮೈಮೇಲಿನ ಲೋಳೆ ಕಿತ್ತುಬಿಡುತ್ತದೆ. ಫೋಟೋಗೆ ಅಂತ ಜಾಸ್ತಿ ಹೊತ್ತು ನೀರಿನಿಂದ ಹೊರಗೆ ಇಡಬೇಡಿ.

ಬಟ್ಟೆ ಪದರ ಪದರವಾಗಿ ಇರಲಿ. ಸಾವಿರ ಮೀಟರ್ ಏರಿದರೆ ಸುಮಾರು 6 ಡಿಗ್ರಿ ಚಳಿ ಜಾಸ್ತಿ. ಜಾಗ 2,500 ಮೀಟರ್‌ಗಿಂತ ಎತ್ತರದಲ್ಲಿದ್ದರೆ ಮೊದಲ ದಿನ ತಲೆನೋವು, ಸುಸ್ತು ಬರಬಹುದು, ಅವತ್ತು ನಡಿಗೆ ಕಡಿಮೆ ಇಡಿ. ಗುಡುಗು ಕೇಳಿದ ತಕ್ಷಣ ನೀರಿನಿಂದ ಮೇಲೆ ಬನ್ನಿ, ಕಾರ್ಬನ್ ರಾಡ್‌ನಲ್ಲಿ ಕರೆಂಟ್ ಹರಿಯುತ್ತದೆ. ಕೊನೆಯ ಗುಡುಗಾಗಿ 30 ನಿಮಿಷ ಕಳೆಯುವವರೆಗೆ ಮತ್ತೆ ಇಳಿಯಬೇಡಿ. ಮೇಲೆ ಅಣೆಕಟ್ಟು ಇದ್ದರೆ ನೀರು ಬಿಡುವ ಹೊತ್ತು ಕೇಳಿಟ್ಟುಕೊಳ್ಳಿ.

ಇನ್ನೊಂದು ವಿಷಯ. ಹಿಂದಿನ ರಾತ್ರಿ ಮಳೆ ಸುರಿದು ಹೊಳೆ ಕೆಂಪಾದರೆ ಏನು ಮಾಡುವುದು? ಹತ್ತಿರದಲ್ಲಿ ಒಂದು ಕೆರೆಯೋ ಸರೋವರವೋ ಇರುವ ಜಾಗವನ್ನೇ ಆರಿಸಿಕೊಳ್ಳಿ, ನಿಂತ ನೀರು ಅಷ್ಟು ಬೇಗ ಕದಡುವುದಿಲ್ಲ. ಅಲ್ಲಿಗೂ ಅದೇ ಪರ್ಮಿಟ್ ನಡೆಯುತ್ತದಾ ಅಂತ ರೂಮಿಗೆ ದುಡ್ಡು ಕಟ್ಟುವ ಮುಂಚೆಯೇ ಕೇಳಿಬಿಡಿ.