ಮಗುವಿಗೆ ಗ್ಯಾಸ್ ಆದರೆ ಬಾಣಂತಿಗೆ ಯಾಕೆ ಉಪವಾಸ?

ಬ್ರಹ್ಮಾವರದ ಕಡೆಯ ತಾಯಿಯೊಬ್ಬಳ ಪತ್ರ ಬಂದಿದೆ. ಓದಿದ ಮೇಲೆ ಉಳಿದ ಪತ್ರಗಳನ್ನೆಲ್ಲ ಬದಿಗಿಟ್ಟು ಇದಕ್ಕೇ ಕೂತಿದ್ದೇನೆ.

ಚೊಚ್ಚಲ ಬಾಣಂತಿ, ತವರಿನಲ್ಲಿದ್ದಾಳೆ. ಮಗುವಿಗೆ 45 ದಿನ. ಸಂಜೆ ಏಳಕ್ಕೆ ಅಳು ಶುರುವಾದರೆ ಹತ್ತರವರೆಗೂ ನಿಲ್ಲುವುದಿಲ್ಲ. ಮುಖ ಕೆಂಪು, ಕಾಲು ಹೊಟ್ಟೆಗೆ ಮಡಚಿಕೊಂಡು ಒದ್ದಾಟ, ಹೂಸು ಬಿಟ್ಟ ಮೇಲೆ ಸ್ವಲ್ಪ ಸಮಾಧಾನ. ತೂಕ ಚೆನ್ನಾಗಿ ಏರುತ್ತಿದೆ, ಡಾಕ್ಟರು ನೋಡಿ ತೊಂದರೆ ಇಲ್ಲ ಎಂದಿದ್ದಾರೆ. ಹೊಕ್ಕುಳಿನ ಸುತ್ತ ಇಂಗು ಹಚ್ಚಿ ಆಯಿತು, ಗ್ರೈಪ್ ವಾಟರ್ ಆಯಿತು, ಬಜೆ ತೇದು ನೆಕ್ಕಿಸಿಯೂ ಆಯಿತು. ಗಂಡ ಬೆಂಗಳೂರಿನಲ್ಲಿ, ರಾತ್ರಿ ವೀಡಿಯೋ ಕಾಲ್ ಮಾಡುತ್ತಾನೆ. ಗ್ಯಾಸ್ ಹೋಗಲು ಏನು ಮಾಡಲಿ ಅಕ್ಕಾ ಎಂದು ಕೇಳಿದ್ದಾಳೆ.

ಮೂರು ಪುಟ ಬರೀ ಮಗುವಿನ ಬಗ್ಗೆ. ಕೊನೆಯಲ್ಲಿ, ಅಂಚಿನಲ್ಲಿ ಚಿಕ್ಕದಾಗಿ ಒಂದು ಸಾಲು: "ನಾನು ಹೆರಿಗೆ ಆದಲ್ಲಿಂದ ಗಂಜಿ, ಉಪ್ಪು, ಕಾಳುಮೆಣಸಿನ ಸಾರು ಬಿಟ್ಟು ಬೇರೆ ಏನೂ ತಿನ್ನುತ್ತಿಲ್ಲ. ಆದರೂ ಮಗು ಅತ್ತರೆ ಇವರು, ಇವತ್ತು ಏನು ತಿಂದೆ ಅಂತ ಕೇಳುತ್ತಾರೆ. ಅದು ಪರವಾಗಿಲ್ಲ ಬಿಡಿ."

ಬಿಡುವುದಿಲ್ಲ ತಂಗಿ. ನಿನ್ನ ಪತ್ರದಲ್ಲಿ ನನಗೆ ಹೆದರಿಕೆ ಆದದ್ದು ಈ ಸಾಲಿಗೇ.

ನಾವು ಒಂದು ವಿಷಯ ತಪ್ಪು ತಿಳಿದುಕೊಂಡಿದ್ದೇವೆ. ನೀನು ಅಲಸಂಡೆ ತಿಂದು ನಿನಗೆ ವಾಯು ಆದರೆ ಅದು ನಿನ್ನ ಕರುಳಿನಲ್ಲೇ ಇರುತ್ತದೆ, ಅಲ್ಲಿಂದ ಎದೆಗೆ ಹತ್ತುವ ದಾರಿ ಇಲ್ಲ. ಹಾಲು ತಯಾರಾಗುವುದು ರಕ್ತದಿಂದ. ಅಪರೂಪಕ್ಕೆ ಕೆಲವು ಮಕ್ಕಳಿಗೆ ತಾಯಿ ಕುಡಿದ ದನದ ಹಾಲಿನ ಪ್ರೋಟೀನ್ ಒಗ್ಗುವುದಿಲ್ಲ, ಆಗ ಕಕ್ಕಸಿನಲ್ಲಿ ಲೋಳೆ, ರಕ್ತದ ಗೆರೆ ಕಾಣಬಹುದು. ಅದನ್ನು ಡಾಕ್ಟರು ನೋಡಿ ಹೇಳಬೇಕು. ಅದಕ್ಕಾಗಿ ಎಲ್ಲ ಬಾಣಂತಿಯರೂ ಬೇಳೆ, ತರಕಾರಿ, ಮೀನು ಬಿಟ್ಟು ಕೂರುವುದು ಅನ್ಯಾಯ ಅಲ್ವಾ? ಮೊದಲ ಆರು ತಿಂಗಳು ಹಾಲೂಡುವ ತಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಜಾಸ್ತಿ ಬೇಕು ಎಂದು ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. ಅಂದರೆ ಇನ್ನೊಂದು ಹೊತ್ತಿನ ಊಟ. ನೀನು ಇರುವುದನ್ನೂ ಬಿಟ್ಟಿದ್ದೀಯಾ.

ನಿನ್ನ ಅಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಬದನೆ ನಂಜು, ಹಲಸು ನಂಜು, ಬಂಗುಡೆ ನಂಜು ಎಂದು ಅವರ ಅಮ್ಮ ಹೇಳಿದ್ದನ್ನೇ ಅವರೂ ಹೇಳುತ್ತಾರೆ. ಅವರೇ ಬೆಳಗ್ಗೆ ಎದ್ದು ಹಂಡೆಗೆ ಬೆಂಕಿ ಹಾಕಿ ನಿನಗೆ ಮೀಯಲು ನೀರು ಕಾಯಿಸುತ್ತಿರುತ್ತಾರೆ. ನನ್ನ ಬಾಣಂತನದಲ್ಲೂ ಹೀಗೇ ಇತ್ತು. ಇಪ್ಪತ್ತನೇ ದಿನ ಚಿಕ್ಕಮ್ಮ ಸೆರಗಿನಲ್ಲಿ ಮುಚ್ಚಿಕೊಂಡು ತಂದ ನೀರುದೋಸೆ, ಜೊತೆಗೆ ಬಾಳೆ ಎಲೆ ಚೂರಿನಲ್ಲಿ ತೊಂಡೆಕಾಯಿ ಪಲ್ಯ, ನಾನು ಬಚ್ಚಲಿನಲ್ಲಿ ನಿಂತುಕೊಂಡೇ ತಿಂದಿದ್ದೆ. ಎರಡು ನಿಮಿಷವೂ ಹಿಡಿದಿರಲಿಕ್ಕಿಲ್ಲ. ಹಾಲೂಡುವ ಹೆಂಗಸು ಕದ್ದು ತಿನ್ನಬೇಕಾ ಎಂದು ಅವತ್ತು ಬಂದ ಅಳು ಈಗಲೂ ನೆನಪಿದೆ.

ಸಿಟ್ಟು ಇರುವುದು ನಿನ್ನ ಗಂಡನ ಮೇಲೆ. ಕುಡಿಸಿದ ಮೇಲೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಒಂದು ದಿನವೂ ನಿಲ್ಲದವನು, ಮುನ್ನೂರು ನಾನೂರು ಕಿಲೋಮೀಟರ್ ದೂರ ಕೂತು ಹೆಂಡತಿಯ ತಟ್ಟೆಯನ್ನು ವಿಚಾರಣೆ ಮಾಡುತ್ತಾನೆ. ‘ಏನು ತಿಂದೆ’ ಎಂಬುದು ಎಷ್ಟು ಪ್ರೀತಿಯ ಮಾತು! ಬಾಣಂತಿಗೆ ಅದನ್ನು ತಪ್ಪು ಹುಡುಕಲು ಕೇಳುವುದಾ?

ಮಗುವಿನ ವಿಷಯಕ್ಕೆ ಬರುತ್ತೇನೆ. ಸಂಜೆಯ ಅಳು ಆರನೇ ವಾರದ ಹೊತ್ತಿಗೆ ಅತಿ ಜಾಸ್ತಿ ಇರುತ್ತದೆ, ಮೂರು ನಾಲ್ಕು ತಿಂಗಳಲ್ಲಿ ತಾನಾಗಿ ಇಳಿಯುತ್ತದೆ. ನಿನ್ನ ಮಗು ಈಗ ಸರಿಯಾಗಿ ಆರನೇ ವಾರ ದಾಟುತ್ತಿದೆ. ಇನ್ನೊಂದು ಗೊತ್ತಾ, ಎಷ್ಟೋ ಸಲ ಗ್ಯಾಸಿನಿಂದ ಅಳು ಬರುವುದಕ್ಕಿಂತ ಅಳುವಿನಿಂದ ಗ್ಯಾಸ್ ಆಗುವುದೇ ಜಾಸ್ತಿ, ಬಾಯಿ ತೆರೆದು ಅಳುವಾಗ ಗಾಳಿ ನುಂಗುತ್ತದಲ್ಲ. ಹಾಗಾಗಿ ಅಳು ಶುರುವಾಗುವ ಮೊದಲೇ, ಕೈ ಚೀಪುವಾಗ, ತಲೆ ಅತ್ತಿತ್ತ ಮಾಡುವಾಗಲೇ ಎದೆಗೆ ಹಾಕಿಕೋ. ಬಾಯಿ ಅಗಲ ತೆರೆದಿರಲಿ, ಮೊಲೆತೊಟ್ಟು ಮಾತ್ರ ಸಾಲದು, ಸುತ್ತಲಿನ ಕಪ್ಪು ಭಾಗವೂ ಬಾಯಿಯೊಳಗೆ ಹೋಗಬೇಕು, ಗದ್ದ ಎದೆಗೆ ತಾಗಬೇಕು. ಕುಡಿಯುವಾಗ ಚಟ್ ಚಟ್ ಎಂದು ಸದ್ದು ಬಂದರೆ ಗಾಳಿ ಹೋಗುತ್ತಿರಬಹುದು, ಬಿಡಿಸಿ ಮತ್ತೆ ಹಿಡಿಸು. ಆಮೇಲೆ ಹೆಗಲಿಗೆ ನೆಟ್ಟಗೆ ಹಾಕಿಕೊಂಡು ಹತ್ತು ನಿಮಿಷ ಬೆನ್ನು ಮೆಲ್ಲ ತಟ್ಟು. ತೇಗು ಬರದಿದ್ದರೆ ಬಿಡು, ಗುದ್ದಬೇಡ. ಎಚ್ಚರ ಇರುವಾಗ ಮೊಣಕಾಲು ಹೊಟ್ಟೆಗೆ ಮೆಲ್ಲ ಒತ್ತಿ ಬಿಡು, ನಿನ್ನ ಎದೆ ಮೇಲೆ ಸ್ವಲ್ಪ ಹೊತ್ತು ಕವುಚಿ ಮಲಗಿಸಿಕೋ. ನಿದ್ದೆಗೆ ಮಾತ್ರ ಅಂಗಾತವೇ.

ಗ್ರೈಪ್ ವಾಟರ್ ನಿಲ್ಲಿಸು. 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಅದನ್ನು ಮೊದಲು ಮಾಡಿದಾಗ ಅದರಲ್ಲಿ ಆಲ್ಕೋಹಾಲ್ ಇತ್ತು, ಮಕ್ಕಳು ಸುಮ್ಮನಾಗುತ್ತಿದ್ದರಲ್ಲಿ ಏನು ಆಶ್ಚರ್ಯ? ಈಗ ಆಲ್ಕೋಹಾಲ್ ಇಲ್ಲದ್ದು ಬಂದಿರಬಹುದು, ಆದರೂ ಆರು ತಿಂಗಳು ಎದೆಹಾಲು ಬಿಟ್ಟು ನೀರೂ ಬೇಡ. ಬಜೆಯೂ ಬೇಡ. ಅದನ್ನು ಆಹಾರಕ್ಕೆ ಹಾಕುವುದನ್ನು ಅಮೆರಿಕದಲ್ಲಿ 1968ರಲ್ಲೇ ನಿಷೇಧ ಮಾಡಿದ್ದಾರೆ. ಜೇನು ಒಂದು ವರ್ಷದವರೆಗೆ ಮುಟ್ಟಿಸಬೇಡ. ಅಮ್ಮನಿಗೆ ಏನಾದರೂ ಮಾಡಲೇಬೇಕು ಅನಿಸಿದರೆ ಬೆಚ್ಚಗಿನ ಕೈಯಲ್ಲಿ ತೆಂಗಿನೆಣ್ಣೆ ಹಚ್ಚಿ ಹೊಟ್ಟೆ ಸವರಲಿ.

ಮಗುವಿಗೆ ಜ್ವರ ಬಂದರೆ, ಹಸಿರು ವಾಂತಿ ಆದರೆ, ಕಕ್ಕಸಿನಲ್ಲಿ ರಕ್ತ ಕಂಡರೆ, ಹೊಟ್ಟೆ ಗಟ್ಟಿಯಾಗಿಯೇ ಉಳಿದರೆ, ಹಾಲು ಬೇಡ ಎಂದು ಮಂಕಾಗಿ ಮಲಗಿದರೆ ಬೆಳಗಾಗುವವರೆಗೆ ಕಾಯಬೇಡ, ಆಸ್ಪತ್ರೆಗೆ ಹೊರಡು. ಅಳು ಕೇಳಿ ಕೇಳಿ ನಿನಗೇ ತಡೆಯಲಾಗದಿದ್ದರೆ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ, ಅಮ್ಮನನ್ನು ಕರೆದು, ಜಗಲಿಗೆ ಬಂದು ಐದು ನಿಮಿಷ ಕೂತುಕೋ. ಏನೇ ಆದರೂ ಮಗುವನ್ನು ಕುಲುಕಬೇಡ. ಹಗಲಿಡೀ ಮನಸ್ಸು ಭಾರವಾಗಿಯೇ ಇದ್ದರೆ ಅದನ್ನೂ ಡಾಕ್ಟರಿಗೆ ಹೇಳು, ಪರವಾಗಿಲ್ಲ ಬಿಡಿ ಅನ್ನಬೇಡ.

ಇಷ್ಟೆಲ್ಲ ನೆನಪಿಟ್ಟುಕೊಳ್ಳಲು ಆಗದಿದ್ದರೆ ಒಂದೇ ಕೆಲಸ ಮಾಡು. ನಾಳೆ ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಬೇಳೆ ಹಾಕಿದ ಮಟ್ಟುಗುಳ್ಳ ಬದನೆಯ ಕೊದ್ದೆಲು, ಮೀನು ತಿನ್ನುವ ಮನೆಯಾದರೆ ಜೊತೆಗೊಂದು ಬಂಗುಡೆ, ಚಾವಡಿಯಲ್ಲಿ ಎಲ್ಲರ ಜೊತೆ ಕೂತು ಹೊಟ್ಟೆ ತುಂಬ ಊಟ ಮಾಡು. ಸಂಜೆ ಏಳಕ್ಕೆ ಮಗು ಅಳಬಹುದು, ನೀನು ಬರೀ ಗಂಜಿ ಉಂಡ ದಿನಗಳಲ್ಲೂ ಅತ್ತಿತ್ತಲ್ಲ. ಗಂಡ ಫೋನಿನಲ್ಲಿ ಏನು ತಿಂದೆ ಎಂದು ಕೇಳಿದರೆ ಒಂದೊಂದಾಗಿ ಎಲ್ಲ ಹೇಳು. ಆಮೇಲೆ, ನೀನು ಯಾವಾಗ ಬಂದು ಮಗುವನ್ನು ಎತ್ತಿಕೊಳ್ಳುತ್ತೀ ಎಂದು ಕೇಳು.