ಟೊಮೆಟೊ ಹಣ್ಣು ಅಂದರೆ ತಪ್ಪೇನಿಲ್ಲ

ವಿಜ್ಞಾನ ಪರೀಕ್ಷೆಯಲ್ಲಿ ಟೊಮೆಟೊವನ್ನು ಹಣ್ಣು ಅಂತ ಬರೆದದ್ದಕ್ಕೆ ಮಗಳ ಅಂಕ ಕಳೆದಿದ್ದಾರೆ, ಇದು ಸರೀನಾ ಅಂತ ಕೇಳಿದ್ದೀರಿ. ವಿಜ್ಞಾನದ ಪ್ರಶ್ನೆ ಅಂದ ಮೇಲೆ ಅವಳ ಉತ್ತರವೇ ಸರಿ. ಓದಿ ನನಗೂ ಬೇಸರವಾಯಿತು.

ಗಿಡದಲ್ಲಿ ಹಳದಿ ಹೂ ಬಿಡುತ್ತದೆ ಅಲ್ವಾ, ಅದರೊಳಗಿನ ಅಂಡಾಶಯವೇ, ಅಂದರೆ ಬೀಜ ಹುಟ್ಟುವ ಭಾಗವೇ, ಬೆಳೆದು ಟೊಮೆಟೊ ಆಗುವುದು. ಅಡ್ಡಕ್ಕೆ ಕತ್ತರಿಸಿ ನೋಡಿ: ಒಳಗೆ ಪುಟ್ಟ ಪುಟ್ಟ ಕೋಣೆಗಳು, ಲೋಳೆಯಲ್ಲಿ ಮುಳುಗಿದ ಬೀಜಗಳು. ತೊಟ್ಟಿನ ಬುಡದಲ್ಲಿರುವ ಹಸಿರು ಎಸಳುಗಳೂ ಆ ಹೂವಿನವೇ, ಉದುರದೆ ಹಾಗೇ ಉಳಿದಿರುತ್ತವೆ. ಹೀಗೆ ಹೂವಿನ ಅಂಡಾಶಯ ಬೆಳೆದು ಆಗುವುದನ್ನೇ ಸಸ್ಯಶಾಸ್ತ್ರದಲ್ಲಿ ಹಣ್ಣು ಅನ್ನುವುದು. ಈ ಲೆಕ್ಕದಲ್ಲಿ ಬದನೆ, ಬೆಂಡೆ, ಸೌತೆ ಕೂಡ ಹಣ್ಣುಗಳೇ. ತರಕಾರಿ ಅನ್ನುವುದು ಅಡುಗೆಮನೆಯ ವಿಂಗಡಣೆ, ಸಸ್ಯಶಾಸ್ತ್ರದ್ದಲ್ಲ.

ಹಾಗಂತ ತರಕಾರಿ ಅನ್ನುವವರೂ ಸುಮ್ನೆ ಹೇಳುತ್ತಿಲ್ಲ. ಅಮೆರಿಕದಲ್ಲಿ ಇದು ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು! 1883ರ ಸುಂಕದ ಕಾಯ್ದೆ ಪ್ರಕಾರ ಹೊರಗಿನಿಂದ ತರಿಸುವ ತರಕಾರಿಗೆ ಶೇ 10 ಸುಂಕ, ಹಣ್ಣಿಗೆ ಇಲ್ಲ. ನ್ಯೂಯಾರ್ಕ್‌ನ ನಿಕ್ಸ್ ಎಂಬ ವ್ಯಾಪಾರಿಗಳು ಟೊಮೆಟೊಗೆ ಕಟ್ಟಿದ ಸುಂಕ ವಾಪಸ್ ಕೊಡಿ ಅಂತ ದಾವೆ ಹೂಡಿದರು. ವಿಚಾರಣೆಯಲ್ಲಿ ನಿಘಂಟುಗಳನ್ನೇ ತೆರೆದು ಓದಿದರು. 1893ರಲ್ಲಿ ತೀರ್ಪು ಬಂತು: ಸಸ್ಯಶಾಸ್ತ್ರಕ್ಕೆ ಅದು ಹಣ್ಣೇ, ಆದರೆ ಜನ ಅದನ್ನು ಊಟದ ಜೊತೆ ತಿನ್ನುತ್ತಾರೆ, ಊಟದ ಕೊನೆಗೆ ಹಣ್ಣಿನಂತೆ ಅಲ್ಲ. ಹಾಗಾಗಿ ಸುಂಕದ ಮಟ್ಟಿಗೆ ತರಕಾರಿ. ನಿಕ್ಸ್ ಸೋತರು.

ಟೀಚರ್ ಹತ್ತಿರ ಜಗಳ ಬೇಡ. ಪ್ರಶ್ನೆ ಗಿಡದ ಬಗ್ಗೆಯೋ ಅಡುಗೆ ಬಗ್ಗೆಯೋ ಅಂತ ಸಮಾಧಾನವಾಗಿ ಕೇಳಿ. ಗಿಡದ ಬಗ್ಗೆ ಅಂದರೆ ಆ ಅಂಕ ಅವಳಿಗೆ ಸಿಗಲೇಬೇಕು.