ಹಳೆ ಪುಸ್ತಕದ ಸಪ್ರೆಸರ್ ಟಿ ಸೆಲ್ ಈಗಿನ ಪುಸ್ತಕದಲ್ಲಿ ಯಾಕಿಲ್ಲ?

ನೀವು ಕೇಳಿದ್ದು ಇಷ್ಟು: ಹಾಸನದ ಕಾಲೇಜು ಲೈಬ್ರರಿಯಲ್ಲಿ ಸಿಕ್ಕ ಹಳೆ ಇಮ್ಯುನಾಲಜಿ ಪುಸ್ತಕದಲ್ಲಿ, ಇಲಿಗಳಲ್ಲಿ ಸಪ್ರೆಸರ್ ಟಿ ಸೆಲ್‌ಗಳು (ಒಂದು ಬಗೆಯ ಬಿಳಿ ರಕ್ತಕಣಗಳು) ಪ್ರತಿಕಾಯ, ಅಂದರೆ ಆಂಟಿಬಾಡಿ, ತಯಾರಾಗದಂತೆ ತಡೆಯುತ್ತವೆ ಅಂತ ಒಂದು ಇಡೀ ಅಧ್ಯಾಯ ಇದೆ. ಹೊಸ ಪುಸ್ತಕದಲ್ಲಿ ಅದರ ಸುಳಿವೇ ಇಲ್ಲ. ಸೆಮಿನಾರ್‌ಗೆ ಯಾವುದನ್ನು ನಂಬುವುದು? ಮನುಷ್ಯರಲ್ಲೂ ಹೀಗೇನಾ?

ನಾನು ಚಿಕ್ಕಮಗಳೂರಿನಲ್ಲಿ ಡಿಗ್ರಿ ಮಕ್ಕಳಿಗೆ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ನನ್ನ ಸಲಹೆ: ಹಳೆ ಪುಸ್ತಕದ ಮೂಲ ಪ್ರಯೋಗವನ್ನು ನಂಬಿ. ಅದರ ಮೇಲೆ ಕಟ್ಟಿದ ವಿವರಣೆಯನ್ನು ಬಿಟ್ಟುಬಿಡಿ.

ಆ ಪ್ರಯೋಗ 1970ರದ್ದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಗರ್ಶನ್ ಮತ್ತು ಕೊಂಡೊ ಮಾಡಿದ್ದು. ಇಲಿಗಳ ಥೈಮಸ್, ಅಂದರೆ ಟಿ ಸೆಲ್ ಬೆಳೆಯುವ ಎದೆಯ ಗ್ರಂಥಿ, ತೆಗೆದರು. ವಿಕಿರಣ ಕೊಟ್ಟು ಇದ್ದಬದ್ದ ರೋಗನಿರೋಧಕ ಕೋಶಗಳನ್ನೂ ಅಳಿಸಿದರು. ಆಮೇಲೆ ಮೂಳೆಮಜ್ಜೆ ಕೊಟ್ಟರು. ಇಂಥ ಇಲಿಯಲ್ಲಿ ಪ್ರತಿಕಾಯ ಮಾಡುವ ಬಿ ಸೆಲ್ ಬೆಳೆಯುತ್ತದೆ, ಟಿ ಸೆಲ್ ಹೆಚ್ಚುಕಮ್ಮಿ ಇರುವುದೇ ಇಲ್ಲ. ಕೆಲವು ಇಲಿಗಳಿಗೆ ಮಾತ್ರ ಥೈಮಸ್ ಕೋಶಗಳನ್ನೂ ಸೇರಿಸಿದರು. ನಂತರ ಕುರಿಯ ಕೆಂಪು ರಕ್ತಕಣಗಳನ್ನು ಭಾರೀ ಪ್ರಮಾಣದಲ್ಲಿ ಚುಚ್ಚಿದರು. ದೇಹ ಅದಕ್ಕೆ ಒಗ್ಗಿ ಸುಮ್ಮನಾಗಲಿ ಅಂತ.

ಕುರಿ ರಕ್ತವೇ ಯಾಕೆ? ಅರಸೀಕೆರೆ ಕಡೆಯಿಂದ ಬರುವ ಹುಡುಗರು ಇದನ್ನು ತಪ್ಪದೇ ಕೇಳುತ್ತಾರೆ. ಅದು ಅಗ್ಗ, ಸುಲಭವಾಗಿ ಸಿಗುತ್ತದೆ. ಜೊತೆಗೆ ಫಲಿತಾಂಶವನ್ನು ಕಣ್ಣಲ್ಲೇ ನೋಡಬಹುದು. 1963ರಲ್ಲಿ ಯೆರ್ನೆ ಮತ್ತು ನಾರ್ಡಿನ್ ಒಂದು ವಿಧಾನ ಕೊಟ್ಟಿದ್ದರು. ಇಲಿಯ ಗುಲ್ಮದ ಕೋಶಗಳನ್ನು ಕುರಿ ರಕ್ತಕಣಗಳ ಜೊತೆ ಅಗರ್‌ನಲ್ಲಿ ಬೆರೆಸಿ ಹರಡಿ, ಮೇಲೆ ಕಾಂಪ್ಲಿಮೆಂಟ್ ಅನ್ನುವ ರಕ್ತದ ಪ್ರೋಟೀನುಗಳನ್ನು ಹಾಕಬೇಕು. ಪ್ರತಿಕಾಯ ಬಿಡುವ ಪ್ರತಿಯೊಂದು ಕೋಶದ ಸುತ್ತ ರಕ್ತಕಣ ಒಡೆದು ಒಂದು ತಿಳಿ ತೂತು ಕಾಣುತ್ತದೆ. ಕೂತು ತೂತು ಎಣಿಸುವುದು, ಅಷ್ಟೇ.

ಕೊನೆಗೆ ಗರ್ಶನ್ ಎಲ್ಲ ಇಲಿಗಳಿಗೂ ಹೊಸದಾಗಿ ಥೈಮಸ್ ಕೋಶ ಕೊಟ್ಟು, ಮತ್ತೆ ಕುರಿ ರಕ್ತಕಣ ಚುಚ್ಚಿ ನೋಡಿದರು. ಮೊದಲು ಟಿ ಸೆಲ್ ಇಲ್ಲದಿದ್ದ ಇಲಿಗಳು ಪ್ರತಿಕಾಯ ತಯಾರಿಸಿದವು. ಮೊದಲೇ ಟಿ ಸೆಲ್ ಇದ್ದ ಇಲಿಗಳು ತಯಾರಿಸಲಿಲ್ಲ! ಅಂದರೆ ಸುಮ್ಮನಾಗುವುದಕ್ಕೂ ಟಿ ಸೆಲ್ ಬೇಕು. ಮರುವರ್ಷ ಇನ್ನೊಂದು ಹೆಜ್ಜೆ ಇಟ್ಟರು. ಸುಮ್ಮನಾದ ಇಲಿಯ ಗುಲ್ಮದ ಕೋಶಗಳನ್ನು ಬೇರೆ ಇಲಿಗೆ ಕೊಟ್ಟರೆ, ಅಲ್ಲಿ ಸಹಾಯಕ್ಕೆ ಒಳ್ಳೆ ಟಿ ಸೆಲ್ ಇದ್ದರೂ ಪ್ರತಿಕಾಯ ಕುಗ್ಗಿತು. ಇದಕ್ಕೆ ಅವರು ಅಂಟುವ ಸಹಿಷ್ಣುತೆ ಅಂದರು.

ಕೆಟ್ಟದ್ದು ಆಮೇಲೆ. ತಡೆಯುವ ಟಿ ಸೆಲ್ ಬೇರೆಯೇ ಜಾತಿ, ಅದರ ಮೈಮೇಲೆ ಐ-ಜೆ ಅನ್ನುವ ಗುರುತಿದೆ, ಅದರ ಜೀನ್ ಇಲಿಯ 17ನೇ ಕ್ರೋಮೋಸೋಮಿನಲ್ಲಿದೆ ಅಂತ 1976ರಲ್ಲಿ ಬೇರೆ ಸಂಶೋಧಕರು ಹೇಳಿದರು. ಆ ಸೆಲ್‌ಗಳು ಬಿಡುತ್ತವೆ ಅಂದುಕೊಂಡ ಸಪ್ರೆಸರ್ ಫ್ಯಾಕ್ಟರ್‌ಗಳ ಸಾಲುಸಾಲು ಚಿತ್ರಗಳು ಬಂದವು. ನಿಮ್ಮ ಪುಸ್ತಕದಲ್ಲಿ ಬಾಣದ ಗುರುತು ತುಂಬಿದ ಪುಟಗಳು ಇವೇ ಇರಬೇಕು. 1983ರ ಹೊತ್ತಿಗೆ ಆ ಜಾಗದ ಡಿಎನ್‌ಎಯನ್ನೇ ಕ್ಲೋನ್ ಮಾಡಿ ನೋಡಿದರೆ, ಅಲ್ಲಿ ಐ-ಜೆ ಜೀನ್ ಇರುವುದಕ್ಕೆ ಜಾಗವೇ ಇರಲಿಲ್ಲ. ಇಡೀ ವಿಷಯಕ್ಕೇ ಕೆಟ್ಟ ಹೆಸರು ಬಂತು. ಪ್ರಯೋಗ ಗಟ್ಟಿಯಾಗಿದ್ದರೂ ವಿವರಣೆ ಕುಸಿದಾಗ ಅದನ್ನೂ ಜೊತೆಗೇ ಎಸೆದರು. ಇದು ಅನ್ಯಾಯ ಅಂತ ನನಗೆ ಅನಿಸುತ್ತದೆ.

ಮತ್ತೆ ಬಾಗಿಲು ತೆರೆದವರು ಜಪಾನಿನ ಶಿಮೋನ್ ಸಕಾಗುಚಿ. ಇಲಿಯ ಟಿ ಸೆಲ್‌ಗಳಲ್ಲಿ, ಮೈಮೇಲೆ ಸಿಡಿ4 ಗುರುತಿನ ಜೊತೆಗೆ ಸಿಡಿ25 ಗುರುತೂ ಇರುವ ಸಣ್ಣ ಗುಂಪನ್ನು ಹೊರಗಿಟ್ಟು, ಉಳಿದದ್ದನ್ನು ಟಿ ಸೆಲ್ ಇಲ್ಲದ ಇಲಿಗಳಿಗೆ ಕೊಟ್ಟರೆ, ದೇಹ ತನ್ನ ಅಂಗಗಳ ಮೇಲೆಯೇ ಬೀಳುತ್ತದೆ ಅಂತ 1995ರಲ್ಲಿ ತೋರಿಸಿದರು. ಆ ಗುಂಪನ್ನು ವಾಪಸ್ ಕೊಟ್ಟರೆ ಕಾಯಿಲೆ ಬರಲಿಲ್ಲ. ಸ್ಕರ್ಫಿ ಅನ್ನುವ ಕಾಯಿಲೆ ಇಲಿಗಳಲ್ಲಿ ಕೆಟ್ಟಿರುವುದು ಫಾಕ್ಸ್‌ಪಿ3 ಜೀನ್ ಅಂತ 2001ರಲ್ಲಿ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಕಂಡುಹಿಡಿದರು. ಸಕಾಗುಚಿಯ ಆ ಗುಂಪಿನ ಸೆಲ್ ಬೆಳೆಯುವುದಕ್ಕೆ ಬೇಕಾದದ್ದು ಫಾಕ್ಸ್‌ಪಿ3 ಜೀನೇ, ಎರಡೂ ಒಂದೇ ಕಥೆ ಅಂತ 2003ರಲ್ಲಿ ಗೊತ್ತಾಯಿತು. ಆ ಗುಂಪಿಗೆ ಈಗ ರೆಗ್ಯುಲೇಟರಿ ಟಿ ಸೆಲ್ ಅನ್ನುತ್ತಾರೆ. ಈ ಮೂವರಿಗೂ 2025ರ ನೊಬೆಲ್ ಬಂತು.

ಈ ರೆಗ್ಯುಲೇಟರಿ ಟಿ ಸೆಲ್ ಪ್ರತಿಕಾಯವನ್ನು ಹೇಗೆ ತಡೆಯುತ್ತದೆ? ಬಿ ಸೆಲ್ ಒಳ್ಳೆ ಪ್ರತಿಕಾಯ ಮಾಡಬೇಕಾದರೆ ಸಹಾಯಕ ಟಿ ಸೆಲ್ ಬೇಕು. ಆ ಸಹಾಯಕನನ್ನು ಎಬ್ಬಿಸುವುದು, ಹೊರಗಿನ ವಸ್ತುವಿನ ತುಣುಕನ್ನು ಟಿ ಸೆಲ್‌ಗೆ ತೋರಿಸುವ ಡೆಂಡ್ರಿಟಿಕ್ ಸೆಲ್‌ನ ಮೇಲಿರುವ ಸಿಡಿ80, ಸಿಡಿ86 ಅನ್ನುವ ಪ್ರೋಟೀನುಗಳು. ರೆಗ್ಯುಲೇಟರಿ ಸೆಲ್ ತನ್ನ ಮೈಮೇಲಿನ ಸಿಟಿಎಲ್‌ಎ-4 ಅನ್ನುವ ಪ್ರೋಟೀನಿನಿಂದ ಇವನ್ನು ಹಿಡಿದು, ಕಿತ್ತು, ಒಳಗೆ ಎಳೆದುಕೊಂಡು ಕರಗಿಸುತ್ತದೆ. ತೋಟದಲ್ಲಿ ಮರಗಸಿ ಮಾಡುವುದು ನೋಡಿದ್ದೀರಲ್ವಾ? ಮರ ಉರುಳಿಸುವುದಿಲ್ಲ, ಕೊಂಬೆ ಸವರಿ ನೆರಳನ್ನು ಹದಕ್ಕೆ ತರುತ್ತಾರೆ. ಹಾಗೇ ಇದು. ಡೆಂಡ್ರಿಟಿಕ್ ಸೆಲ್ ಸಾಯುವುದಿಲ್ಲ, ಅದರ ಜೋರು ಇಳಿಯುತ್ತದೆ.

ಇನ್ನೊಂದು ಗುಂಪು ನೇರವಾಗಿ ಜರ್ಮಿನಲ್ ಸೆಂಟರ್‌ಗೇ ಹೋಗುತ್ತದೆ. ದುಗ್ಧಗ್ರಂಥಿಯಲ್ಲಿ ಬಿ ಸೆಲ್‌ಗಳು ಪ್ರತಿಕಾಯವನ್ನು ತಿದ್ದಿಕೊಳ್ಳುವ ಜಾಗ ಅದು. ಫಾಕ್ಸ್‌ಪಿ3 ಇರುವ ಈ ಫಾಲಿಕ್ಯುಲರ್ ರೆಗ್ಯುಲೇಟರಿ ಸೆಲ್‌ಗಳ ಬಗ್ಗೆ 2011ರಲ್ಲಿ ಮೂರು ತಂಡಗಳು ಒಟ್ಟಿಗೇ ಬರೆದವು. ಇವು ಕಮ್ಮಿಯಾದ ಇಲಿಗಳಲ್ಲಿ ಲಸಿಕೆಗೆ ಬರುವ ಪ್ರತಿಕಾಯ ಸುಮ್ನೆ ಎರಡು ಪಟ್ಟು ಆಗಿಬಿಡುತ್ತದೆ ಅಂತೇನಿಲ್ಲ. ಹಲವು ಪ್ರಯೋಗಗಳಲ್ಲಿ ಕಂಡದ್ದು, ತನ್ನ ದೇಹದ ಮೇಲೆಯೇ ತಿರುಗುವ ಪ್ರತಿಕಾಯ ಮತ್ತು ಅಲರ್ಜಿಯ ಐಜಿಇ ಏರಿದ್ದು. ಸೆಮಿನಾರ್‌ನಲ್ಲಿ ಇದನ್ನು ಒತ್ತಿ ಹೇಳಿ, ಸಾಮಾನ್ಯವಾಗಿ ಎಲ್ಲರೂ ಬಿಟ್ಟುಬಿಡುತ್ತಾರೆ.

ಸಪ್ರೆಸರ್ ಅಂದರೆ ಸಿಡಿ8 ಗುರುತಿರುವ ಟಿ ಸೆಲ್ ಅಂತ ಹಳಬರು ಹೇಳುತ್ತಿದ್ದದ್ದೂ ಪೂರ್ತಿ ಸುಳ್ಳಲ್ಲ. ಕ್ಯುಎ-1 ಅನ್ನುವ ಅಣುವನ್ನು ಗುರುತಿಸಿ ಸಹಾಯಕ ಟಿ ಸೆಲ್‌ಗಳನ್ನು ತಗ್ಗಿಸುವ ಸಿಡಿ8 ಸೆಲ್‌ಗಳನ್ನು ಹಾರ್ವೇ ಕ್ಯಾಂಟರ್ ತಂಡ 2010ರಲ್ಲಿ ಇಲಿಗಳಲ್ಲೇ ತೋರಿಸಿತು.

ಇನ್ನು ಮನುಷ್ಯರ ವಿಷಯ. ಫಾಕ್ಸ್‌ಪಿ3 ಎಕ್ಸ್ ಕ್ರೋಮೋಸೋಮಿನಲ್ಲಿದೆ. ಅದು ಕೆಟ್ಟರೆ ಗಂಡುಮಕ್ಕಳಿಗೆ ಐಪೆಕ್ಸ್ ಅನ್ನುವ ಕಾಯಿಲೆ ಬರುತ್ತದೆ: ಹುಟ್ಟಿದ ಕೆಲವೇ ತಿಂಗಳಲ್ಲಿ ನಿಲ್ಲದ ಭೇದಿ, ಸಕ್ಕರೆ ಕಾಯಿಲೆ, ಚರ್ಮದ ತೊಂದರೆ, ಜೊತೆಗೆ ರಕ್ತದಲ್ಲಿ ಜಾಸ್ತಿ ಐಜಿಇ. ತುಂಬಾ ಅಪರೂಪದ ಕಾಯಿಲೆ. ಮೂಳೆಮಜ್ಜೆ ಕಸಿ ಮಾಡಿ ಚಿಕಿತ್ಸೆ ಕೊಡುತ್ತಾರೆ.